ಸಾಲದ ಲೆಕ್ಕ ನಾವೇ ಓದೋಣ

ನಮ್ಮ ಅಜ್ಜಂದಿರ ಸಾಲ ಒಡೆಯನ ಪುಸ್ತಕದಲ್ಲಿತ್ತು. ಹೆಬ್ಬೆಟ್ಟು ಒತ್ತಿದವರಿಗೆ ಒಳಗೇನು ಬರೆದಿದೆ ಅನ್ನೋದು ಗೊತ್ತಿರಲಿಲ್ಲ. ಅಪ್ಪ ಮಾಡಿದ ಸಾಲಕ್ಕೆ ಮಗ ಜೀತಕ್ಕಿದ್ದ. 1976ರ ಕಾಯ್ದೆ ಜೀತವನ್ನೂ ಜೀತದ ಸಾಲವನ್ನೂ ರದ್ದು ಮಾಡಿತು. ಹೊಟ್ಟೆಪಾಡಿನ ಸಾಲ ಮಾತ್ರ ನಮ್ಮ ಬಾಗಿಲು ಬಿಡಲಿಲ್ಲ.

ಇವತ್ತು ನಮ್ಮ ಅವ್ವಂದಿರು ಒಂದು ಸಂಘದ ಕಂತು ಕಟ್ಟೋಕೆ ಇನ್ನೊಂದರಲ್ಲಿ ಸಾಲ ಎತ್ತುತ್ತಿದ್ದಾರೆ. ಒಡೆಯನ ಪುಸ್ತಕದ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಸಿಬಿಲ್‌ನಂಥ ನಾಲ್ಕು ಕಂಪನಿಗಳು ನಮ್ಮ ಸಾಲದ ಜಾತಕ ಬರೆದು 300ರಿಂದ 900ರೊಳಗೆ ಅಂಕ ಹಾಕುತ್ತವೆ. ಆದರೆ ಈ ಪುಸ್ತಕ ನೋಡುವ ಹಕ್ಕು ನಮಗಿದೆ. ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪುಕ್ಕಟೆ ವರದಿ ಕೊಡಲೇಬೇಕು. ತೀರಿದ ಸಾಲ ಬಾಕಿ ಅಂತಿದ್ದರೆ ತಕರಾರು ಬರೆಯೋಣ. ತೀರಿಸಿದ ದಿನವೇ ‘ಬಾಕಿ ಇಲ್ಲ’ ಪತ್ರ ಕೇಳಿ ಪಡೆಯೋಣ. ‘ಅಷ್ಟಿಷ್ಟು ಕಟ್ಟಿ ಮುಗಿಸಿಬಿಡಿ’ ಅಂದರೆ ಹುಷಾರು, ವರದಿಯಲ್ಲಿ ಅದು ಪೂರ್ತಿ ತೀರಿದ ಸಾಲ ಅಂತ ಬರೋದಿಲ್ಲ.

ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ವರ್ಷಕ್ಕೆ 3 ಲಕ್ಷದೊಳಗೆ ದುಡಿಯುವ ಮನೆಗೆ ಇಂಥ ಸಾಲ ಕೊಡುವಾಗ ಎಲ್ಲ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಬಲವಂತದ ವಸೂಲಿ ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ.

ರಜೆಗೆ ಊರಿಗೆ ಹೋದಾಗ ಅವ್ವನಿಗೆ ಬುದ್ಧಿ ಹೇಳೋದು ಬೇಡ, ಜೊತೆಗೆ ಕೂತು ಬರೆಯೋಣ: ಕೂಲಿ ಎಷ್ಟು, ದಿನಸಿ ಎಷ್ಟು, ಔಷಧಿ ಎಷ್ಟು, ಕಂತು ಎಷ್ಟು. ಬಡ್ಡಿ ಹೆಚ್ಚಿರುವ ಸಾಲ ಮೊದಲು ತೀರಲಿ.

ಬಾಬಾಸಾಹೇಬರು 1923ರಲ್ಲಿ ದೇಶದ ರೂಪಾಯಿಯ ಸಮಸ್ಯೆ ಕುರಿತು ಪುಸ್ತಕ ಪ್ರಕಟಿಸಿದರು. ನಾವು ನಮ್ಮ ಮನೆಯ ರೂಪಾಯಿಯ ಲೆಕ್ಕವನ್ನಾದರೂ ಬರೆಯೋಣ.

ಜೈ ಭೀಮ್.