ಮುಂಬಯಿಯ ಲೆಕ್ಕ ದುಬೈಗೆ ಹೊಂದೀತೇ?

(ನಮ್ಮ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ನಾಡಿನ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಅದನ್ನು ನನಗಿಂತ ಚೆನ್ನಾಗಿ ಮಾಡಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾನು ನಮ್ಮ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ನಡೆಯುವ ಒಂದು ಚರ್ಚೆಯನ್ನು ಎತ್ತಿಕೊಳ್ಳುತ್ತೇನೆ. ಮಗನಿಗೋ ಮಗಳಿಗೋ ದುಬೈಯಲ್ಲಿ ಕೆಲಸ ಸಿಕ್ಕಿದೆ; ಹೋಗಬೇಕೋ ಬೇಡವೋ? ತಂದೆ ‘ಹೋಗಲಿ’ ಎನ್ನುತ್ತಾರೆ. ತಾಯಿ ಸುಮ್ಮನಿರುತ್ತಾರೆ. ಅಜ್ಜ ಮಾತ್ರ, ‘ನಾವು ಊರು ಬಿಟ್ಟು ಮುಂಬಯಿಗೆ ಬರಲಿಲ್ಲವೇ? ಇದೇನು ಮಹಾ!’ ಎಂದುಬಿಡುತ್ತಾರೆ.

ಅಜ್ಜನ ಈ ಮಾತನ್ನೇ ಸ್ವಲ್ಪ ವಿಚಾರಿಸಿ ನೋಡೋಣ.

ಉಡುಪಿ, ಕುಂದಾಪುರ, ಧಾರವಾಡ, ವಿಜಾಪುರಗಳ ಕಡೆಯಿಂದ ನಮ್ಮ ಹಿರಿಯರು ಈ ನಗರಕ್ಕೆ ಬಂದರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು ಎಷ್ಟೋ ಮಂದಿ. ಮಕ್ಕಳಿಗೆ ನಗರಪಾಲಿಕೆಯ ಕನ್ನಡ ಶಾಲೆಯಿತ್ತು. ಒಂದು ಹೋಟೆಲಿನ ಕೆಲಸ ಹೋದರೆ ಪಕ್ಕದ ಬೀದಿಯ ಹೋಟೆಲಿನಲ್ಲಿ ಕೇಳಬಹುದಿತ್ತು. ಕೆಲಸವಿಲ್ಲದ ದಿನಗಳಲ್ಲಿ ನಂಟರ ಖೋಲಿಯಲ್ಲಿ ಚಾಪೆ ಹಾಸಿ ಮಲಗಬಹುದಿತ್ತು. ‘ನಿನ್ನ ಅವಧಿ ಮುಗಿಯಿತು, ಹೊರಡು’ ಎನ್ನುವ ಅಧಿಕಾರ ಯಾವ ಧಣಿಗೂ ಇರಲಿಲ್ಲ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ನಮ್ಮ ಸಂವಿಧಾನದ 19ನೆಯ ವಿಧಿ ಪ್ರಜೆಗಳಿಗೆಲ್ಲ ಕೊಟ್ಟಿದೆ. ಆದ್ದರಿಂದ ಬಂದವರು ಬೇರೂರಿದರು. ನಾವು ಆ ಮರದ ಕೊಂಬೆಗಳು.

ದುಬೈಯಲ್ಲಿ ಈ ಹಕ್ಕಿಲ್ಲ. ಅಲ್ಲಿ ಸಾಮಾನ್ಯ ನೌಕರನ ವಾಸದ ಪರವಾನಗಿ ಅವನ ಕೆಲಸಕ್ಕೆ ಗಂಟುಬಿದ್ದಿರುತ್ತದೆ. ಕೆಲಸ ಹೋದರೆ ಕೊಟ್ಟ ಗಡುವಿನೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ಹೊರಡಬೇಕು. ಇಪ್ಪತ್ತು ವರ್ಷ ದುಡಿದರೂ ಪೌರತ್ವ ತಾನಾಗಿ ಬರುವುದಿಲ್ಲ. 2002ರಿಂದ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಪರದೇಶದವರೂ ಮನೆ ಕೊಳ್ಳಬಹುದು. 2019ರಲ್ಲಿ ‘ಗೋಲ್ಡನ್ ವೀಸಾ’ ಎಂಬ ದೀರ್ಘಾವಧಿಯ ಪರವಾನಗಿಯೂ ಬಂದಿತು. ಆದರೆ ಮನೆಯ ಆಧಾರದ ಮೇಲೆ ಅದನ್ನು ಪಡೆಯಲು 20 ಲಕ್ಷ ದಿರ್ಹಮ್ ಬೆಲೆಯ ಆಸ್ತಿ ಬೇಕು. ಅದು ನಮ್ಮ ನಿಮ್ಮಂಥವರ ಕೈಗೆ ಎಟುಕುವ ಮಾತಲ್ಲ.

ಹಾಗಾದರೆ ಹೋಗಲೇಬಾರದೇ? ಹಾಗೆ ಹೇಳಲು ನಾನು ಇಲ್ಲಿ ನಿಂತಿಲ್ಲ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ 35 ಲಕ್ಷಕ್ಕೂ ಮಿಕ್ಕಿ ಭಾರತೀಯರಿದ್ದಾರೆ. ಇಷ್ಟು ಜನ ಸುಮ್ಮನೆ ಹೋದವರಲ್ಲ. ಅಲ್ಲಿ ಸಂಬಳದ ಮೇಲೆ ಆದಾಯ ತೆರಿಗೆಯಿಲ್ಲ. ದಿರ್ಹಮ್ 1997ರಿಂದ ಡಾಲರಿಗೆ ಒಂದೇ ದರದಲ್ಲಿ ಕಟ್ಟಿಕೊಂಡಿರುವುದರಿಂದ, ಡಾಲರಿನ ಎದುರು ರೂಪಾಯಿ ಇಳಿದಾಗಲೆಲ್ಲ ಊರಿಗೆ ಬರುವ ಹಣ ಹೆಚ್ಚುತ್ತದೆ. ಮುಂಬಯಿಯಿಂದ ವಿಮಾನದಲ್ಲಿ ಸುಮಾರು ಮೂರು ಗಂಟೆಯ ಹಾದಿ. ಕೊಂಕಣ ರೈಲಿನಲ್ಲಿ ಉಡುಪಿ ತಲಪುವುದಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ನಮ್ಮ ಊಟ ಸಿಗುತ್ತದೆ, ನಮ್ಮವರ ಸಂಘಗಳಿವೆ, ಯಕ್ಷಗಾನವೂ ನಡೆಯುತ್ತದೆ. ತಂಗಿಯ ಮದುವೆ, ತಮ್ಮನ ಓದು, ಊರಿನ ಮನೆಯ ಸಾಲ, ಇವನ್ನು ಅಲ್ಲಿಯ ದುಡಿಮೆಯಿಂದ ತೀರಿಸಿದ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ಅವರ ಬೆವರಿಗೆ ನನ್ನ ನಮಸ್ಕಾರ.

ಆದರೆ ದೂರದ ಬೆಟ್ಟ ನುಣ್ಣಗೆ ಕಾಣುವುದು ಸಹಜ. ಹತ್ತಿರ ಹೋಗಿ ಲೆಕ್ಕ ನೋಡಬೇಕು. ಆದಾಯ ತೆರಿಗೆಯಿಲ್ಲ, ನಿಜ. ಆದರೆ 2018ರಿಂದ ಕೊಳ್ಳುವ ಹೆಚ್ಚಿನ ಸಾಮಾನುಗಳ ಮೇಲೆ ನೂರಕ್ಕೆ 5ರ ಮೌಲ್ಯವರ್ಧಿತ ತೆರಿಗೆಯಿದೆ. ಬಾಡಿಗೆಯ ನೂರಕ್ಕೆ 5ರಷ್ಟು ಗೃಹಶುಲ್ಕ ನೀರು–ವಿದ್ಯುತ್ತಿನ ಬಿಲ್ಲಿನೊಂದಿಗೆ ಬರುತ್ತದೆ. ವರ್ಷದ ಬಾಡಿಗೆಯನ್ನು ಕೆಲವೇ ಚೆಕ್ಕುಗಳಲ್ಲಿ ಮುಂಗಡವಾಗಿ ಬರೆದುಕೊಡುವ ರೂಢಿಯಿದೆ. ಹೊರಗಿನವರ ಮಕ್ಕಳು ಸಾಮಾನ್ಯವಾಗಿ ಓದುವುದು ಖಾಸಗಿ ಶಾಲೆಗಳಲ್ಲಿ. ಮಕ್ಕಳು ಇಬ್ಬರಾದರೆ ಶುಲ್ಕವೂ ಇಮ್ಮಡಿ. ತಿಂಗಳಿಗೆ 4,000 ದಿರ್ಹಮ್, ಅಥವಾ 3,000 ದಿರ್ಹಮ್ ಮತ್ತು ವಸತಿ ಇದ್ದರೆ ಸಂಸಾರವನ್ನು ಕರೆತರಲು ಕಾನೂನು ಒಪ್ಪುತ್ತದೆ. ಕಾನೂನು ಒಪ್ಪಿದರೂ ಅಷ್ಟರಲ್ಲಿ ಸಂಸಾರ ಸಾಗುವುದು ಕಷ್ಟ. ಆದ್ದರಿಂದಲೇ ಎಷ್ಟೋ ಗಂಡಸರು ಒಂದು ಕೋಣೆಯಲ್ಲಿ ನಾಲ್ಕಾರು ಮಂದಿ ಮಲಗಿ, ಹೆಂಡತಿ ಮಕ್ಕಳನ್ನು ಫೋನಿನ ಪರದೆಯ ಮೇಲೆ ಕಾಣುತ್ತ ವರ್ಷಗಳನ್ನು ಕಳೆಯುತ್ತಾರೆ. ಈ ಖರ್ಚು ಯಾವ ಖಾತೆಯಲ್ಲೂ ಬರೆದಿರುವುದಿಲ್ಲ.

ಇನ್ನು ನೇಮಕಪತ್ರದ ವಿಷಯ. ಒಟ್ಟು ಸಂಬಳವನ್ನು ನೋಡಿ ಹಿಗ್ಗಬಾರದು. ಮೂಲವೇತನ ಎಷ್ಟು, ಭತ್ಯೆ ಎಷ್ಟು ಎಂದು ಕೇಳಬೇಕು. ಕೆಲಸ ಬಿಡುವಾಗ ಕೊಡುವ ಗ್ರಾಚುಯಿಟಿ ಮೂಲವೇತನದ ಮೇಲೆಯೇ ಲೆಕ್ಕ. ಮೊದಲ ಐದು ವರ್ಷಕ್ಕೆ ವರ್ಷವೊಂದಕ್ಕೆ 21 ದಿನದ, ಅನಂತರದ ವರ್ಷಗಳಿಗೆ 30 ದಿನದ ವೇತನ. ಮೂಲವೇತನ 6,000 ದಿರ್ಹಮ್ ಇದ್ದವನು ಐದು ವರ್ಷ ದುಡಿದರೆ ಸಿಗುವುದು 21,000. ಒಟ್ಟು ಸಂಬಳ ಅಷ್ಟೇ ಇದ್ದು ಮೂಲವೇತನ 3,000 ಎಂದು ಬರೆದಿದ್ದರೆ ಸಿಗುವುದು ಅದರ ಅರ್ಧ. ಸಾಮಾನ್ಯ ಖಾಸಗಿ ನೌಕರನಿಗೆ ಅಲ್ಲಿಂದ ತಿಂಗಳ ನಿವೃತ್ತಿ ವೇತನ ಬರುವುದಿಲ್ಲ. ಮುಪ್ಪಿನ ಗಂಟನ್ನು ತಾನೇ ಕಟ್ಟಿಕೊಳ್ಳಬೇಕು.

ಹತ್ತನೆಯ ತರಗತಿ ಮುಗಿಸದ ಹುಡುಗರು ಇನ್ನೂ ಎಚ್ಚರದಿಂದಿರಬೇಕು. ಅಂಥವರು ಅಲ್ಲಿಗೆ ಕೆಲಸಕ್ಕೆ ಹೋಗಲು ನಮ್ಮ ಸರಕಾರದ ವಲಸೆ ಅನುಮತಿ ಪಡೆಯಬೇಕೆಂಬ ನಿಯಮವಿರುವುದು ಅವರ ರಕ್ಷಣೆಗಾಗಿಯೇ. ಅನುಮತಿ ಪಡೆದು ಹೋದವರಿಗೆ 10 ಲಕ್ಷ ರೂಪಾಯಿಯ ಅಪಘಾತ ವಿಮೆಯುಂಟು. ‘ಮೊದಲು ವಿಸಿಟ್ ವೀಸಾದಲ್ಲಿ ಹೋಗು, ಆಮೇಲೆ ಎಲ್ಲ ಸರಿಮಾಡೋಣ’ ಎನ್ನುವ ದಲ್ಲಾಳಿಯನ್ನು ಹೊಸ್ತಿಲಿನಿಂದಲೇ ಕಳುಹಿಸಿಬಿಡಿ. ವಿಸಿಟ್ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ. ಸಂಬಳ ಸಿಗದಿದ್ದರೆ ದೂರು ಹೇಳಲು ಕಾಗದವೂ ಇರುವುದಿಲ್ಲ.

ಮತ್ತೊಂದು ಮಾತು. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿನ ಮೇಲೆ ದಂಡೆತ್ತಿ ಬಂದಾಗ ಸುಮಾರು 1,70,000 ಭಾರತೀಯರು ವಿಮಾನಗಳಲ್ಲಿ ಸ್ವದೇಶಕ್ಕೆ ಮರಳಬೇಕಾಯಿತು. 2020ರ ಮೇ ತಿಂಗಳಲ್ಲಿ ಕೊರೋನಾ ಹಾವಳಿಯಿಂದ ಕೆಲಸ ಕಳೆದುಕೊಂಡವರನ್ನು ಕೊಲ್ಲಿಯಿಂದ ಕರೆತರಲು ಸರಕಾರ ವಿಮಾನಗಳನ್ನು ಕಳುಹಿಸಿತು. ಹಾಗೆ ಬಂದವರಲ್ಲಿ ಊರಿನಲ್ಲಿ ಒಂದು ಸೂರು, ಬ್ಯಾಂಕಿನಲ್ಲಿ ನಾಲ್ಕು ಕಾಸು ಇಟ್ಟವನು ತಲೆಯೆತ್ತಿ ನಿಂತನು. ಅಲ್ಲಿಯೇ ಶಾಶ್ವತವೆಂದು ಗಳಿಸಿದ್ದನ್ನೆಲ್ಲ ಖರ್ಚುಮಾಡಿದವನು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು.

ಆದ್ದರಿಂದ ಹೋಗುವವರಿಗೆ ನನ್ನ ಅರಿಕೆ ಇಷ್ಟೆ. ಹೊರಡುವ ಮುಂಚೆಯೇ ಮರಳುವ ವರ್ಷವನ್ನು ಮನೆಯವರೆಲ್ಲ ಕುಳಿತು ಗೊತ್ತುಮಾಡಿರಿ. ಎಷ್ಟು ಹಣ, ಯಾವ ಕೆಲಸಕ್ಕಾಗಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಆ ಪುಸ್ತಕದಲ್ಲಿ ಇನ್ನೆರಡು ಸಾಲು ಸೇರಲಿ: ತಂದೆತಾಯಿ ಕಾಯಿಲೆ ಬಿದ್ದರೆ ಯಾರು ನೋಡಿಕೊಳ್ಳುತ್ತಾರೆ? ಮಕ್ಕಳಿಗೆ ಕನ್ನಡ ಯಾರು ಕಲಿಸುತ್ತಾರೆ? ಎರಡನೆಯದು ಚಿಕ್ಕ ಪ್ರಶ್ನೆಯಲ್ಲ. ಊರು ಹತ್ತಿರವಿದ್ದೂ, ಕನ್ನಡ ಶಾಲೆಯಿದ್ದೂ, ಈ ಮುಂಬಯಿಯಲ್ಲಿಯೇ ಮೂರನೆಯ ತಲೆಮಾರಿನ ಎಷ್ಟು ಮಕ್ಕಳು ಅಜ್ಜಿಯ ಕಾಗದವನ್ನು ಓದಬಲ್ಲರು ಎಂದು ನಮ್ಮನ್ನು ನಾವು ಕೇಳಿಕೊಳ್ಳೋಣ. ದುಬೈಯಲ್ಲಿ ಹುಟ್ಟಿ ಬೆಳೆದ ಮಗು ಒಂದು ದಿನ ಮರಳಿ ಬರಬೇಕಾದೀತು. ಬಂದಾಗ ಅದಕ್ಕೆ ಊರಿನ ಮಾತು ಗೊತ್ತಿಲ್ಲದಿದ್ದರೆ ಊರೂ ಪರದೇಶವೇ ಆಗುತ್ತದೆ. ಅಲ್ಲಿ ರಜಾದಿನಗಳಲ್ಲಿ ಕನ್ನಡ ಪಾಠ ಹೇಳುವ ಮಹನೀಯರಿದ್ದಾರೆ. ಮಕ್ಕಳನ್ನು ಅವರಲ್ಲಿಗೆ ಕಳುಹಿಸುವುದಕ್ಕೆ ಬೇಸರಪಡಬೇಡಿ.

ಅಜ್ಜ ಹೇಳಿದ್ದು ಧೈರ್ಯದ ಮಟ್ಟಿಗೆ ಸರಿ. ಮುಂಬಯಿಗೆ ಬಂದವನು ಬೇರು ಬಿಟ್ಟನು. ದುಬೈಗೆ ಹೋಗುವವನು ಬೇರನ್ನು ಮನೆಯಲ್ಲಿ ಕಾಪಾಡಿಟ್ಟು ಹೋಗಬೇಕು. ಇದನ್ನು ತಿಳಿದು ಹೋದವನಿಗೆ ಲಾಭವುಂಟು.

ಕೊನೆಯದಾಗಿ ಸಂಘಕ್ಕೊಂದು ಸೂಚನೆ. ನಮ್ಮಲ್ಲಿ ವಕೀಲರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಕೊಲ್ಲಿಯಲ್ಲಿ ದುಡಿದು ಮರಳಿದವರೂ ಇದ್ದಾರೆ. ತಿಂಗಳಿಗೆ ಒಂದು ಭಾನುವಾರ ಇಬ್ಬರು ಮೂವರು ನಮ್ಮ ಸಂಘದ ಕೋಣೆಯಲ್ಲಿ ಕುಳಿತು, ಹೊರಡುವ ಹುಡುಗರ ನೇಮಕಪತ್ರಗಳನ್ನು ಸಹಿಗೆ ಮುಂಚೆ ಓದಿ ಅರ್ಥ ಹೇಳಿದರೆ ಎಷ್ಟೋ ಮನೆಗಳ ಕಣ್ಣೀರು ತಪ್ಪೀತು. ಈ ರಾಜ್ಯೋತ್ಸವದ ನೆನಪಿಗೆ ಅಷ್ಟನ್ನು ಆರಂಭಿಸೋಣ. ಮುಂದಿನ ಭಾನುವಾರದಿಂದ ಬಂದು ಕುಳಿತುಕೊಳ್ಳಲು ನಾನು ಸಿದ್ಧನಿದ್ದೇನೆ.