ಜಗಳವಾಡದ ರಾಣಿ



ಜೇನು, ಇರುವೆ, ಗೆದ್ದಲು ಎಲ್ಲವೂ ಸಮಾಜಜೀವಿ ಕೀಟಗಳ ಈ ಸಮ್ಮೇಳನದ ಮುಂದಿನ ಗೋಷ್ಠಿಗಳಲ್ಲಿ ಬರಲಿವೆ. ನಾನು ಒಂದೇ ಒಂದು ಕಣಜದ ವಿಷಯ ಹೇಳುತ್ತೇನೆ. ಅದರ ಹೆಸರು ರೋಪಾಲಿಡಿಯ ಮಾರ್ಜಿನೇಟ. ನಮ್ಮ ಹಳೆಯ ಕಟ್ಟಡಗಳ ಕಿಟಕಿ ಮೂಲೆಗಳಲ್ಲಿ ಕಾಗದದಂಥ ಗೂಡು ಕಾಣುತ್ತದಲ್ಲ, ಮರದ ನಾರನ್ನು ಅಗಿದು, ಜೊಲ್ಲು ಬೆರೆಸಿ ಅದನ್ನು ಕಟ್ಟುವ ಕಣಜಗಳಲ್ಲಿ ಇದೂ ಒಂದು. ಗೂಡಿಗೆ ಹೊರಹೊದಿಕೆ ಇಲ್ಲ. ಸಂಸಾರವೆಲ್ಲ ಬಯಲಲ್ಲೇ ನಡೆಯುತ್ತದೆ.

ರಾಘವೇಂದ್ರ ಗದಗ್ಕರ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಣ್ವಿಕ ಜೀವವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿದವರು, ಬದುಕಿನ ಕೆಲಸವಾಗಿ ಹಿಡಿದದ್ದು ಮಾತ್ರ ಈ ಕಣಜವನ್ನು. ಪ್ರತಿ ಕಣಜದ ಮೈಮೇಲೆ ಬಣ್ಣದ ಚುಕ್ಕಿ ಇಟ್ಟು ಗುರುತು ಮಾಡಿಕೊಳ್ಳುವುದು, ಯಾರು ಕೂತಿದ್ದಾರೆ, ಯಾರು ಯಾರನ್ನು ಕಚ್ಚಿದರು, ಯಾರು ಹೊರಗೆ ಹೋಗಿ ಮೇವು ತಂದರು ಎಂದು ಬರೆದುಕೊಳ್ಳುತ್ತ ಹೋಗುವುದು: ಇದು ಅವರ ವಿಧಾನ. 1983ರಲ್ಲಿ ಅವರೂ ಸಹಸಂಶೋಧಕ ಎನ್.ವಿ. ಜೋಶಿಯವರೂ ಈ ದಾಖಲೆಗಳನ್ನು ಲೆಕ್ಕ ಹಾಕಿದಾಗ ಗೂಡಿನ ಹೆಣ್ಣುಗಳು ಮೂರು ಗುಂಪಾದವು. ಕೂರುವವರು, ಕಾದಾಡುವವರು, ಮೇವು ತರುವವರು. ಈ ಜಾತಿಯಲ್ಲಿ ರಾಣಿಗೂ ಕೆಲಸಗಾತಿಗೂ ರೂಪದಲ್ಲಿ ಭೇದವಿಲ್ಲ. ಮೊಟ್ಟೆ ಇಡುವವಳೇ ರಾಣಿ. ಹೊಡೆದು ಬಡಿದು ಗೂಡನ್ನು ಹದ್ದುಬಸ್ತಿನಲ್ಲಿಡುವ ರಾಣಿಯರ ವಿಷಯ ಹೊರದೇಶದ ಕಾಗದಕಣಜಗಳ ಅಧ್ಯಯನದಿಂದ ಆಗಲೇ ಗೊತ್ತಿತ್ತು. ಹಾಗಾಗಿ ಇಲ್ಲೂ ರಾಣಿ ಕಾದಾಡುವವರ ಸಾಲಿನಲ್ಲಿರಬೇಕಿತ್ತು. ಅವಳಿದ್ದದ್ದು ಸುಮ್ಮನೆ ಕೂರುವವರ ನಡುವೆ! ಇದರ ಹತ್ತಿರದ ಬಳಗವಾದ ರೋಪಾಲಿಡಿಯ ಸಯಾಥಿಫಾರ್ಮಿಸ್‌ನಲ್ಲಾದರೋ ರಾಣಿ ಜಗಳಗಂಟಿಯೇ.

ಆ ಸಾಧು ರಾಣಿಯನ್ನು ಗೂಡಿನಿಂದ ತೆಗೆದರೆ ಏನಾಗುತ್ತದೆ? ಅಷ್ಟು ಹೊತ್ತು ಎಲ್ಲರಂತೆ ಇದ್ದ ಒಬ್ಬ ಕೆಲಸಗಾತಿ ಕೆಲವೇ ನಿಮಿಷಗಳಲ್ಲಿ ಕೆರಳುತ್ತಾಳೆ. ಸಿಕ್ಕಸಿಕ್ಕವರನ್ನು ಅಟ್ಟುತ್ತಾಳೆ, ಕಚ್ಚುತ್ತಾಳೆ. ಹಳೆಯ ರಾಣಿಯನ್ನು ತಂದು ಬಿಟ್ಟರೆ ಮತ್ತೆ ತಣ್ಣಗಾಗುತ್ತಾಳೆ. ತರದಿದ್ದರೆ ಅವಳ ಸಿಟ್ಟು ದಿನದಿಂದ ದಿನಕ್ಕೆ ಇಳಿಯುತ್ತದೆ, ಸುಮಾರು ಒಂದು ವಾರದಲ್ಲಿ ಮೊಟ್ಟೆ ಇಡತೊಡಗುತ್ತಾಳೆ, ಕೊನೆಗೆ ಹಿಂದಿನವಳಷ್ಟೇ ಸಾಧುವಾಗುತ್ತಾಳೆ. ರಾಣಿ ತನ್ನ ಇರವನ್ನು ಸಾರುವುದು ವಾಸನೆಯಿಂದ: ಹೊಟ್ಟೆಯ ತುದಿಯನ್ನು ಗೂಡಿನ ಮೇಲ್ಮೈಗೆ ಉಜ್ಜುತ್ತಾಳೆ, ಆ ತುದಿಯಲ್ಲಿರುವ ಡುಫೋರ್ ಗ್ರಂಥಿಯ ಸ್ರಾವ ಗೂಡಿನ ಮೇಲೆ ಉಳಿಯುತ್ತದೆ ಎಂಬುದು ಈವರೆಗಿನ ಪ್ರಯೋಗಗಳು ತೋರಿಸಿರುವ ದಾರಿ. ಆಳ್ವಿಕೆ ಎಂದರೆ ದಬ್ಬಾಳಿಕೆಯೇ ಎಂದು ನಂಬಿದವರಿಗೆ ಈ ಗೂಡು ಒಗ್ಗುವುದಿಲ್ಲ.

ತಾನು ಹೆರದೆ ಇನ್ನೊಬ್ಬಳ ಮಕ್ಕಳನ್ನು ಸಾಕುವುದೇಕೆ ಎಂಬುದು ನಮ್ಮ ಕ್ಷೇತ್ರದ ಮೂಲಪ್ರಶ್ನೆ. 1964ರಲ್ಲಿ ಜೀವವಿಜ್ಞಾನಿ ಹ್ಯಾಮಿಲ್ಟನ್ ಇದಕ್ಕೆ ರಕ್ತಸಂಬಂಧದ ಲೆಕ್ಕ ಕೊಟ್ಟರು. ಕಣಜ, ಜೇನು, ಇರುವೆಗಳಲ್ಲಿ ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ. ಹೀಗಾಗಿ ಒಂದೇ ತಂದೆಯ ಅಕ್ಕತಂಗಿಯರ ನಡುವಿನ ನಂಟು ಮುಕ್ಕಾಲು ಪಾಲು, ತಾಯಿ ಮಗಳ ನಡುವಿನದು ಅರ್ಧ; ಎಂದರೆ ಮಗಳನ್ನು ಹೆರುವುದಕ್ಕಿಂತ ತಂಗಿಯನ್ನು ಸಾಕುವುದೇ ಲಾಭ. ಲೆಕ್ಕ ಚೆಂದವಾಗಿದೆ. ಆದರೆ ನಮ್ಮ ಕಣಜದ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡುತ್ತಾಳೆ, ರಾಣಿಯರೂ ಬದಲಾಗುತ್ತಿರುತ್ತಾರೆ. ಮುಕ್ಕಾಲು ಪಾಲು ಉಳಿಯುವುದೇ ಇಲ್ಲ. ಗದಗ್ಕರ್ ಇನ್ನೊಂದು ಕಾರಣವನ್ನು ಮುಂದಿಟ್ಟರು. ಮೊಟ್ಟೆ ಬೆಳೆದು ಕಣಜವಾಗಲು ಎರಡು ತಿಂಗಳಷ್ಟು ಬೇಕು. ಕೆಲಸಗಾತಿಯ ಸರಾಸರಿ ಆಯುಸ್ಸು ಒಂದು ತಿಂಗಳ ಆಸುಪಾಸು. ಒಂಟಿಯಾಗಿ ಗೂಡು ಕಟ್ಟಿದವಳು ನಡುವೆ ಸತ್ತರೆ ಮರಿಗಳೂ ಸತ್ತವು. ತುಂಬಿದ ಮನೆಯಲ್ಲಿ ದುಡಿದು ಸತ್ತರೆ ಅವಳು ಅರ್ಧಕ್ಕೆ ಬಿಟ್ಟ ಮರಿಯನ್ನು ಇನ್ನೊಬ್ಬಳು ದಡ ಸೇರಿಸುತ್ತಾಳೆ. ದುಡಿದಷ್ಟು ವ್ಯರ್ಥವಾಗುವುದಿಲ್ಲ. ನನಗೆ ಈ ವಾದ ಅಪ್ಪಟ ಅನ್ನಿಸುತ್ತದೆ, ಏಕೆಂದರೆ ಅದು ಗೂಡನ್ನು ನೋಡಿದವರಿಗಷ್ಟೇ ಹೊಳೆಯುವಂಥದ್ದು.

ಗೂಡನ್ನು ಹೀಗೆ ಕೂತು ನೋಡಬೇಕು ಎಂಬುದೇ ನನ್ನ ಆಶಯ. ನಮ್ಮ ಪ್ರಯೋಗಾಲಯಗಳಲ್ಲಿ ಸಮಾಜಜೀವಿ ಕೀಟವೆಂದರೆ ಗೋಡೆಯ ಚಾರ್ಟು ಮತ್ತು ಬಾಟಲಿಯಲ್ಲಿ ಮುಳುಗಿದ ಜೇನು. ಬದುಕಿರುವ ಗೂಡನ್ನು ಪೊರಕೆಯಿಂದ ಉರುಳಿಸುತ್ತೇವೆ, ಇಲ್ಲವೇ ಬೆಂಕಿ ಹಚ್ಚುತ್ತೇವೆ. ಓಡಾಟವಿಲ್ಲದ ಮೂಲೆಯ ಗೂಡನ್ನಾದರೂ ಬಿಡಿ. ಕುಟುಕುತ್ತವೆ, ನಿಜ; ಅಲುಗಾಡಿಸದೆ ಸ್ವಲ್ಪ ದೂರದಲ್ಲಿ ಕೂತು ನೋಡುವುದನ್ನು ವಿದ್ಯಾರ್ಥಿಗಳಿಗೆ ಕಲಿಸಿ. ನೋಟ್‌ಬುಕ್ಕು, ಗಡಿಯಾರ, ಬಿಡುವು ಇದ್ದರೆ ಸಾಕು. ದುಬಾರಿ ಉಪಕರಣವಿಲ್ಲದೆಯೂ ಮೊದಲ ದರ್ಜೆಯ ಸಂಶೋಧನೆ ಸಾಧ್ಯವೆಂಬುದನ್ನೇ ಗದಗ್ಕರ್ ತಮ್ಮ 2021ರ ಪುಸ್ತಕದಲ್ಲಿ ವಿವರಿಸಿದ್ದಾರೆ.

ಕೆಲಸ ಬೇಕಾದಷ್ಟು ಉಳಿದಿದೆ. ರಾಣಿಯನ್ನು ತೆಗೆದಾಗ ಎದ್ದು ನಿಂತವಳನ್ನೂ ತೆಗೆದರೆ ಮತ್ತೊಬ್ಬಳು, ಅವಳನ್ನೂ ತೆಗೆದರೆ ಮಗದೊಬ್ಬಳು, ಹೀಗೆ ವಾರಸುದಾರರ ಸಾಲೇ ಇದೆ. ಉಳಿದವರು ಯಾರೂ ಎದುರು ನಿಲ್ಲುವುದಿಲ್ಲ. ಸರದಿ ಯಾರದೆಂದು ಕಣಜಗಳಿಗೆ ಮೊದಲೇ ಗೊತ್ತಿರುವಂತಿದೆ. ವಯಸ್ಸಾದವಳಿಗೆ ಸರದಿ ಬೇಗ ಬರುವ ಸಂಭವ ಹೆಚ್ಚು, ಆದರೆ ಅದೂ ಕಟ್ಟುನಿಟ್ಟಲ್ಲ. ಮೈಗಾತ್ರವಾಗಲಿ ಜಗಳದ ಗೆಲುವಾಗಲಿ ಮುಂದಿನ ವಾರಸುದಾರಳು ಯಾರೆಂದು ತೋರಿಸುವುದಿಲ್ಲ. ಹಾಗಾದರೆ ಆ ಕಣಜಗಳು ಅವಳನ್ನು ಗುರುತಿಸುವುದು ಯಾವುದರಿಂದ? ಮೊದಲ ಗೋಷ್ಠಿ ಈ ಪ್ರಶ್ನೆಯನ್ನೇ ಕೈಗೆತ್ತಿಕೊಳ್ಳಲಿ ಎಂದು ಕೋರುತ್ತೇನೆ.