‘ಮಾಡಾಕತ್ತೇನಿ’ ಒಳಗೆ ಅಡಗಿ ಕುಂತ ಕ್ರಿಯಾಪದ

ಇವತ್ತು ಒಂದೇ ಒಂದು ಕ್ರಿಯಾಪದ: ಹತ್ತು.

ಬಿ.ಕಾಂ ಮುಗಿಸಿ ಬೆಂಗಳೂರಿಗೆ ಹೋದ ಹೊಸತು. ಲೆಕ್ಕದ ಶೀಟ್ ಎಲ್ಲಿಗೆ ಬಂತು ಅಂತ ಆಫೀಸಿನಲ್ಲಿ ಕೇಳಿದರು. ‘ಮಾಡಾಕ ಹತ್ತೇನ್ರೀ’ ಅಂದೆ. ‘ಏನನ್ನ ಹತ್ತಿದೀರಿ, ಬೆಟ್ಟಾನಾ?’ ಅಂತ ಟೀಮ್ ಪೂರಾ ನಕ್ಕಿತು. ಮರುದಿನದಿಂದ ‘ಮಾಡ್ತಾ ಇದೀನಿ’ ರೂಢಿ ಮಾಡಿಕೊಂಡೆ. ಮನೆಗೆ ಫೋನ್ ಮಾಡಿದಾಗಲೂ ಅದೇ ಬಾಯಿಗೆ ಬಂತು. ‘ಯಾರ ಜೋಡಿ ಮಾತಾಡಾಕತ್ತೀಯೋ ತಮ್ಮಾ?’ ಅಂದ್ಳು ಅವ್ವ. ನನಗೆ ಉತ್ತರ ಹೊಳೀಲಿಲ್ಲ.

ಆಮೇಲೆ ಈ ಪದದ ಬೆನ್ನು ಹತ್ತಿದೆ. (ನೋಡ್ರಿ, ಮತ್ತೆ ಬಂತು!)

ಹಳಗನ್ನಡದಲ್ಲಿ ಇದು ‘ಪತ್ತು’. ಅಂಟು, ಸೇರಿಕೋ ಅಂತ ಅರ್ಥ. ತೆಲುಗಿನ ‘ಪಟ್ಟು’, ತುಳುವಿನ ‘ಪತ್ತುನಿ’ ಇದರ ಅಕ್ಕತಂಗೇರು. ಅಲ್ಲಿ ಅರ್ಥ ‘ಹಿಡಿ’. ಕನ್ನಡದಲ್ಲಿ ಪದದ ಮೊದಲಿನ ‘ಪ’ ಕಾಲಕ್ರಮೇಣ ‘ಹ’ ಆಯ್ತು. ಸಾಕ್ಷಿಗೆ ದೂರ ಹೋಗೋದು ಬ್ಯಾಡ: ನಮ್ಮ ಲಕ್ಷ್ಮೇಶ್ವರದ ಹಳೇ ಹೆಸರು ಪುಲಿಗೆರೆ, ಆಮೇಲೆ ಹುಲಿಗೆರೆ. 10ನೇ ಶತಮಾನದ ಪಂಪ, ತನ್ನ ಕನ್ನಡ ಈ ಪುಲಿಗೆರೆಯ ತಿರುಳ್ಗನ್ನಡ ಅಂತ ಹೆಮ್ಮೆಯಿಂದ ಹೇಳಿಕೊಂಡಾನ. ಅಂವಾ ನಮ್ಮ ಟೀಮಿನಲ್ಲಿ ಇದ್ದಿದ್ರ ಯಾರು ನಗ್ತಿದ್ರೋ!

‘ಅಂಟು’ ಅನ್ನೋದನ್ನ ಕೈಯಾಗ ಹಿಡಕೊಂಡ್ರ ಉಳಿದದ್ದು ಬಿಚ್ಚಿಕೊಳ್ಳತೈತಿ. ಕಟ್ಟಿಗಿಗೆ ಬೆಂಕಿ ಹತ್ತತೈತಿ, ಕಣ್ಣಿಗೆ ನಿದ್ದಿ ಹತ್ತತೈತಿ, ಮುಂಡರಗಿಯಿಂದ ಗದಗಕ್ಕೆ ಬಸ್ಸಿಗೆ ತಾಸು ಹತ್ತತೈತಿ. ಕಪ್ಪತಗುಡ್ಡ ಹತ್ತೋದೂ ಮೂಲದಲ್ಲಿ ಗುಡ್ಡಕ್ಕೆ ಅಂಟಿಕೊಂಡು ಮೇಲೇರೋದೇ ಅಂತ ನನ್ನ ಅಂದಾಜು. ಹತ್ತುವಂಗ ಮಾಡಿದ್ರ ‘ಹಚ್ಚು’. ಅದಕ್ಕೇ ದೀಪಾನೂ ಹಚ್ಚತೀವಿ, ತಲಿಗೆ ಎಣ್ಣೀನೂ ಹಚ್ಚತೀವಿ. ಶಿರಹಟ್ಟಿಯ ‘ಹಟ್ಟಿ’ ಮಾತ್ರ ಬ್ಯಾರೆ, ಅದನ್ನ ಇದರಾಗ ಸೇರಿಸಬ್ಯಾಡ್ರಿ. ಇನ್ನು ಕೆಲಸಕ್ಕ ಮನುಷ್ಯಾ ಅಂಟಿಕೊಂಡ್ರ? ಮಾಡಾಕ ಹತ್ತೇನಿ. ಬೆಟ್ಟಾನೂ ಇಲ್ಲ, ಏಣೀನೂ ಇಲ್ಲ.

ಪಕ್ಕದ ಮರಾಠಿಯ ‘ಲಾಗಣೆ’ನೂ ಹಿಂಗೇ: ಬೆಂಕಿಗೂ ಅದೇ, ವೇಳೆಗೂ ಅದೇ, ‘ಮಾಡಲು ತೊಡಗಿದ’ ಅನ್ನೋದಕ್ಕೂ ಅದೇ. ಆದರ ನನಗ ಖುಷಿ ಕೊಟ್ಟದ್ದು ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಎರಡರಲ್ಲೂ ಇರೋ ‘ಪೆಗಾರ್’. ಲ್ಯಾಟಿನ್ನಿನಲ್ಲಿ ಡಾಂಬರಿನಂಥ ಅಂಟು ಬಳಿಯೋದು ಇದರ ಮೂಲ. ಸ್ಪ್ಯಾನಿಷಿನಲ್ಲಿ ಅಂಟಿಸು, ಹೊಡಿ, ಪೋರ್ಚುಗೀಸಿನಲ್ಲಿ ಹಿಡಿ. ಬ್ರೆಜಿಲ್‌ನಲ್ಲಿ ಬೆಂಕಿ ಹತ್ತಿದ್ರೂ ಪೆಗಾರ್, ನಿದ್ದಿ ಹತ್ತಿದ್ರೂ ಪೆಗಾರ್, ಬಸ್ ಹತ್ತಿದ್ರೂ ಪೆಗಾರ್! ನಮ್ಮ ಹತ್ತುವಿಗೂ ಅದಕ್ಕೂ ರಕ್ತಸಂಬಂಧ ಇಲ್ಲ, ಗೊತ್ತಿರಲಿ.

ಈ ಎಪಿಸೋಡ್ ರೆಕಾರ್ಡ್ ಮಾಡುವಾಗಲೇ ಅವ್ವನ ಫೋನ್ ಬಂತು. ಎಡಿಟ್‌ನಲ್ಲಿ ತೆಗೆದಿಲ್ಲ. ‘ಏನ್ ಮಾಡಾಕತ್ತೀ?’ ‘ರೆಕಾರ್ಡ್ ಮಾಡಾಕತ್ತೇನಿ, ಒಂದೀಟು ತಡಿಯವ್ವಾ.’